ಪೋಸ್ಟರಿನ್ಯಾಗ ಒತ್ತಕ್ಷರ ಒಡದಾವ, ಪ್ರೆಸ್ಸಿಗೆ ಹೆಂಗ ಕೊಡೋದು?

ರಂಗಪರದೆ (ಹುಬ್ಬಳ್ಳಿ):
ನಮಸ್ಕಾರ್ರೀ. ಸವಾಯಿ ಗಂಧರ್ವ ಹಾಲಿನ್ಯಾಗ ‘ಸಂಗ್ಯಾ ಬಾಳ್ಯಾ’ ನಾಟಕ ಆಡಾಕತ್ತೀವಿ. ಡೆಮಿ ಸೈಜ್ (18×23 ಇಂಚು) ಪೋಸ್ಟರ್, ಫೋಟೋಶಾಪ್, ಯೂನಿಕೋಡ್ ಫಾಂಟು. ‘ಗ್ಯಾ’, ‘ಳ್ಯಾ’ ಎರಡೂ ಒಡದು ಯ-ಒತ್ತು ಬದಿಗೆ ಹೋಗಿ ನಿಂತೈತಿ. ಪ್ರೆಸ್ಸಿನವರು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನೊಳಗ ಟೈಪ್ ಮಾಡಿ ತರ್ರಿ ಅಂತಾರ. ಕಲಾವಿದರ ಹೆಸರೆಲ್ಲಾ ಮತ್ತ ಹೊಡೀಬೇಕೇನ್ರಿ?

ಮಸಿಡಬ್ಬಿ (ಗದಗ):
ಏನೂ ಬ್ಯಾಡ್ರಿ. ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿ ಬಂದಿದ್ರ ಅದು ಹಳೇ ನುಡಿ ಫಾಂಟಿನ ತಕರಾರು. ನಿಮ್ಮದು ಹಂಗಲ್ಲ, ಅಕ್ಷರ ಕೂಡಿಸೋ ಕೆಲಸ ಫೋಟೋಶಾಪ್ ಮಾಡಿಲ್ಲ, ಅಷ್ಟ. ಪ್ಯಾರಾಗ್ರಾಫ್ ಪ್ಯಾನೆಲಿನ ಮೂಲ್ಯಾಗಿನ ಮೆನು ತಗದು ‘ವರ್ಲ್ಡ್-ರೆಡಿ ಲೇಔಟ್’ ಆರಿಸ್ರಿ. ಹಳೇ ಆವೃತ್ತಿ ಇದ್ರ ಮೊದಲು ಪ್ರಿಫರೆನ್ಸಸ್‌ನ ಟೈಪ್ ವಿಭಾಗದಾಗ ದಕ್ಷಿಣ ಏಷ್ಯಾದ ಆಯ್ಕೆ ಹಾಕಿ, ಫೋಟೋಶಾಪ್ ಮುಚ್ಚಿ ತಗೀರಿ. ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆ ಇರ್ಲಿ. ಶೀರ್ಷಿಕೆ ಅಗಲ ಕಾಣ್ಲಿ ಅಂತ ಅದನ್ನ ಏರಿಸಿದ್ರ ಒತ್ತು ಮತ್ತ ದೂರ ಸರೀಬಹುದು.

ರಂಗಪರದೆ:
ಕೂಡಿದುವ್ರೀ! ಟ್ರ್ಯಾಕಿಂಗ್ 80 ಇತ್ತು. ಈಗ ಪ್ರೆಸ್ಸಿಗೆ ಪಿಎಸ್‌ಡಿ (ಫೋಟೋಶಾಪ್ ಫೈಲು) ಕೊಡ್ಲೇನು?

ಮಸಿಡಬ್ಬಿ:
ಪಿಎಸ್‌ಡಿ ಕೊಡಬ್ಯಾಡ್ರಿ. ಅಲ್ಲಿ ಆ ಫಾಂಟು ಇರಲಿಕ್ಕಿಲ್ಲ, ತಗದವರು ಬ್ಯಾರೆ ಫಾಂಟು ಹಾಕಿಬಿಡ್ತಾರ. ಒಂದು ಪ್ರತಿ ಬ್ಯಾರೆ ಇಟ್ಕೊಂಡು, ಇನ್ನೊಂದರಾಗ ಅಕ್ಷರಾನ ಶೇಪ್ (ಫಾಂಟು ಬೇಡದ ಆಕಾರ) ಮಾಡಿ ಪಿಡಿಎಫ್ ಮಾಡ್ರಿ. ಸುತ್ತ 3 ಮಿಮೀ ಬ್ಲೀಡ್ (ಕತ್ತರಿಸಿ ಹೋಗೋ ಹೆಚ್ಚಿನ ಅಂಚು) ಬಿಡ್ರಿ.

ಬಣ್ಣದಮನಿ (ಧಾರವಾಡ):
ನಡುವ ಒಂದು ಮಾತು. ಹಿನ್ನೆಲೆ ಕರೀದು ಅದ ಏನ್ರಿ? ನಾಕೂ ಬಣ್ಣ ಕೂಡಿಸಿದ ಕಪ್ಪಿನ ಮ್ಯಾಲೆ ಸಣ್ಣ ಬಿಳಿ ಅಕ್ಷರ ಇಟ್ರ, ಪ್ಲೇಟು ಕೂದಲೆಳಿಯಷ್ಟು ಸರಿದ್ರೂ ಮಸಿ ಒಳಗ ನುಗ್ಗಿ ಒತ್ತು ಮುಚ್ಚತೈತಿ. ಮೊದಲು ಹೋಗೋದು ಕಲಾವಿದರ ಹೆಸರ, ಆಮ್ಯಾಲೆ ಅವರ ಸಿಟ್ಟು ನಿಮ್ಮ ಮ್ಯಾಲೆ! ಹೆಸರಿನ ಪಟ್ಟಿ ಇರೋ ಕಡೆ ಬರೇ ಕೆ 100 (ಕಪ್ಪು ಮಸಿ ಒಂದ) ಇಡ್ರಿ, ದಪ್ಪ ಫಾಂಟು ಹಾಕ್ರಿ, ಆದ್ರ ಫೋ ಬೋಲ್ಡ್ (Faux Bold, ಫೋಟೋಶಾಪ್ ತಾನ ಅಕ್ಷರ ದಪ್ಪ ಮಾಡೋ ಆಯ್ಕೆ) ಮುಟ್ಟಬ್ಯಾಡ್ರಿ. ಸಾಲಿನ ಅಂತರಾನೂ ‘ಆಟೋ’ ಬಿಟ್ಟು ಕೈಲೆ ಏರಿಸ್ರಿ. ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡೀತಾವ.

ರಂಗಪರದೆ:
ಹಿನ್ನೆಲೆ ಕರೀದ ಐತ್ರಿ. ಮತ್ತ ಶೀರ್ಷಿಕೆ ಕೇಸರಿ, ಸ್ಕ್ರೀನಿನ್ಯಾಗ ಬೆಂಕಿ ಕಂಡಂಗ ಕಾಣತೈತಿ.

ಬಣ್ಣದಮನಿ:
ಆರ್‌ಜಿಬಿಯೊಳಗ (ಸ್ಕ್ರೀನಿನ ಬಣ್ಣದೊಳಗ) ಹಂಗ ಕಾಣೋದು. ಫೋಟೋಶಾಪಿನ್ಯಾಗ ಸಿಎಂವೈಕೆ (ಅಚ್ಚಿನ ನಾಕು ಮಸಿ) ಪ್ರೂಫ್ ಹಾಕಿ ನೋಡ್ರಿ, ಮಂಕಾಗತೈತಿ. ಪೋಸ್ಟರ್ ರಸ್ತೆಯ ಆ ಕಡಿಂದ ಓದೋರಿಗೆ ಬೇಕು, ಹಳದಿ ಹಾಕೋದು ಚಲೋ. ಎಲ್ಲಾ ಅಚ್ಚು ಹಾಕಿಸೋಕಿಂತ ಮೊದಲು ಒಂದು ಹಾಳಿ ಪ್ರೂಫ್ ಕೇಳ್ರಿ.