ಹಳೆಯ ಫೈಬರ್‌ಗ್ಲಾಸ್ ಬೋಟ್: ಬಿರುಕು ಕಣ್ಣಿಗೆ ಕಾಣುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ

ಹಳೇಬೋಟು

ಎಲ್ಲರಿಗೂ ನಮಸ್ಕಾರ. ಹಳೆಯ ಫೈಬರ್‌ಗ್ಲಾಸ್ ಬೋಟೊಂದು ಕೈಗೆ ಬಂದಿದೆ. 14 ಅಡಿ ಉದ್ದ. ಹಿಂಭಾಗದ ಎರಡೂ ಕಡೆ ಆ ಕಾಲದ ಅಮೆರಿಕನ್ ಕಾರುಗಳಿಗೆ ಇರುತ್ತಿದ್ದಂಥ ರೆಕ್ಕೆ ಇದೆ, ಅದನ್ನು ನೋಡಿದ ಮೇಲೆ ಬಿಟ್ಟುಬರಲು ಮನಸ್ಸೇ ಬರಲಿಲ್ಲ. ಎಷ್ಟು ಹಳೆಯದು ಅಂತ ಕೊಟ್ಟವರಿಗೂ ಸರಿಯಾಗಿ ಗೊತ್ತಿಲ್ಲ, 1960ರ ಆಸುಪಾಸಿನದು ಇರಬಹುದು ಅಂದರು. ವರ್ಷಗಟ್ಟಲೆ ಬಿಸಿಲಲ್ಲೇ ನಿಂತಿದೆ. ಬಣ್ಣ ಮಂಕಾಗಿದೆ, ಕೈ ಆಡಿಸಿದರೆ ಬಿಳಿ ಪುಡಿ ಹತ್ತುತ್ತದೆ.

ನನಗೆ ಚಿಂತೆ ಇರುವುದು ಮೂರು ಜಾಗದ ಬಗ್ಗೆ. ಮುಂದೆ ಹಗ್ಗ ಕಟ್ಟುವ ಕ್ಲೀಟ್ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಬಿರುಕುಗಳು. ಹಿಂದೆ ಮೋಟಾರು ಕೂರಿಸುವ ಟ್ರಾನ್ಸಮ್‌ನ ಮೂಲೆಯಲ್ಲಿ ಒಂದೇ ಒಂದು ಉದ್ದ ಗೆರೆ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ತಳದಲ್ಲಿ ಅಲ್ಲಲ್ಲಿ ಗುಳ್ಳೆ. ಇದರಲ್ಲಿ ಯಾವುದು ಬರೀ ಮೇಲಿನ ಪದರದ್ದು, ಯಾವುದು ಒಳಗೆ ಹೋಗಿದೆ ಅಂತ ತಿಳಿದವರನ್ನು ಕೇಳೋಣ ಅಂತ ಫೋಟೋ ತೆಗೆದೆ. ಒಂದರಲ್ಲೂ ಏನೂ ಗೊತ್ತಾಗುತ್ತಿಲ್ಲ. ಬಿಸಿಲಲ್ಲಿ ತೆಗೆದರೆ ಆಕಾಶ, ಮರ, ನಾನು ಎಲ್ಲ ಬೋಟಿನ ಮೇಲೆ ಕಾಣುತ್ತೇವೆ, ಬಿರುಕು ಮಾತ್ರ ಇಲ್ಲ. ಫ್ಲ್ಯಾಶ್ ಹಾಕಿದರೆ ನಡುವೆ ಬಿಳಿ ಚುಕ್ಕೆ. ಬಿಳಿ ಭಾಗದಲ್ಲಿ ಫೋನು ಫೋಕಸ್ಸೇ ಹಿಡಿಯುವುದಿಲ್ಲ.

ಪ್ರಶ್ನೆ ಎರಡು. ಕೆಲಸ ಎಲ್ಲಿಂದ ಶುರು ಮಾಡಲಿ? ನೀವು ನೋಡಿ ಹೇಳುವಂಥ ಫೋಟೋ ಹೇಗೆ ತೆಗೆಯಲಿ? ನಾಳೆಯೇ ಸ್ಯಾಂಡ್‌ಪೇಪರ್ ಹಿಡಿದು ಕೂರೋಣ ಅಂತ ಕೈ ಕಡಿಯುತ್ತಿದೆ.

ಗಾಜುನಾರು

ದಯವಿಟ್ಟು ಸ್ಯಾಂಡ್‌ಪೇಪರ್ ಪಕ್ಕಕ್ಕಿಡಿ. ಮೊದಲು ಪರೀಕ್ಷೆ, ಆಮೇಲೆ ಫೋಟೋ, ಉಜ್ಜುವುದು ಕೊನೆಗೆ. ಉಜ್ಜಿದ ಮೇಲೆ ಬಿರುಕಿನ ಆಕಾರವೇ ಅಳಿಸಿಹೋಗುತ್ತದೆ, ಅದು ಯಾಕೆ ಬಂತು ಅಂತ ಹೇಳುವುದು ಆ ಆಕಾರವೇ ಅಲ್ವಾ. ಇನ್ನೊಂದು, ಬೋಟಿನ ಹೊರಗಿನ ಬಣ್ಣದ ಪದರ, ಅಂದರೆ ಜೆಲ್‌ಕೋಟ್, ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು. ಸುಮ್ನೆ ಉಜ್ಜಿ ಕಳೆಯುವಷ್ಟು ಅದು ಇಲ್ಲ.

ಹಳೆಯ ಬೋಟುಗಳಲ್ಲಿ ಒಂದು ವಿಷಯ ನೆನಪಿಡಿ. ಗಾಜಿನ ನಾರು ಮತ್ತು ಅದನ್ನು ಹಿಡಿದಿಡುವ, ಗಟ್ಟಿಯಾಗುವ ಅಂಟು ದ್ರವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಬೋಟು ಕಟ್ಟಲು ಶುರುವಾದದ್ದು 1940ರ ದಶಕದಲ್ಲಿ. ಈ ಹೊಸ ವಸ್ತು ಎಷ್ಟು ತಡೆಯುತ್ತದೋ ಅನ್ನುವ ಅನುಮಾನಕ್ಕೆ ಮೊದಮೊದಲು ಎಷ್ಟೋ ಜನ ದಪ್ಪವಾಗಿಯೇ ಪದರ ಹಾಕುತ್ತಿದ್ದರು. ಹಾಗಾಗಿ ಹೊರಗಿನ ಚಿಪ್ಪು ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಹಾಳಾಗುವುದು ಒಳಗೆ ಮುಚ್ಚಿಟ್ಟ ಮರ: ಟ್ರಾನ್ಸಮ್‌ನ ಪ್ಲೈವುಡ್, ತಳದ ಉದ್ದಕ್ಕೂ ಹೋಗುವ ಸ್ಟ್ರಿಂಗರ್, ನೆಲದ ಹಲಗೆ. ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೂ ಸಾಕು, ಒಣಗಲು ದಾರಿಯಿಲ್ಲದೆ ಮರ ಕೊಳೆಯುತ್ತದೆ.

ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿ ತೆಗೆದುಕೊಂಡು ಟ್ರಾನ್ಸಮ್ ಪೂರ್ತಿ ಎರಡು ಬೆರಳಿನ ಅಂತರದಲ್ಲಿ ತಟ್ಟುತ್ತಾ ಹೋಗಿ. ಚೆನ್ನಾಗಿರುವ ಕಡೆ ಟಕ್ ಅಂತ ಚುರುಕಾದ ಸದ್ದು. ನೀರು ಕುಡಿದ ಕಡೆ, ಪದರ ಬಿಟ್ಟುಕೊಂಡ ಕಡೆ, ದಬ್ ಅಂತ ಸತ್ತ ಸದ್ದು. ಸದ್ದು ಬದಲಾಗುವ ಜಾಗದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಕೊನೆಗೆ ಒಂದು ನಕ್ಷೆಯೇ ಸಿಗುತ್ತದೆ.

ಕ್ಲೀಟ್ ಸುತ್ತಲಿನ ಬಲೆ ಹೆಚ್ಚಾಗಿ ಜೆಲ್‌ಕೋಟ್‌ದೇ. ಆದರೆ ಕ್ಲೀಟ್ ಅಲುಗಾಡುತ್ತಿದೆಯಾ, ಅದರ ಕೆಳಗೆ ಬೆಂಬಲದ ಹಲಗೆ ಇದೆಯಾ ನೋಡಿ. ಅಲ್ಲಿ ಬಾಗುವುದು ನಿಲ್ಲದಿದ್ದರೆ ಎಷ್ಟು ಸಲ ಮುಚ್ಚಿದರೂ ಬಿರುಕು ಮತ್ತೆ ಬರುತ್ತದೆ. ಮೂಲೆಯ ಒಂಟಿ ಗೆರೆ ನನಗೆ ಜಾಸ್ತಿ ಅನುಮಾನ ಹುಟ್ಟಿಸುತ್ತಿದೆ. ಮೋಟಾರಿನ ಭಾರ, ತಳ್ಳುವ ಬಲ ಎರಡೂ ಅಲ್ಲಿಗೇ ಬರುತ್ತವೆ. ಅದರ ಫೋಟೋ ಚೆನ್ನಾಗಿ ಬೇಕು.

ಗುಳ್ಳೆ ಒಂದನ್ನು ಚುಚ್ಚಿ ನೋಡಿ, ಆದರೆ ಕನ್ನಡಕ ಹಾಕಿಕೊಂಡೇ. ಒಳಗಿನ ದ್ರವ ಒತ್ತಡದಲ್ಲಿರುತ್ತದೆ, ಚಿಮ್ಮುತ್ತದೆ. ಜಿಡ್ಡು ಜಿಡ್ಡಾಗಿದ್ದು ವಿನೆಗರ್ ಥರ ವಾಸನೆ ಬಂದರೆ ಆಸ್ಮಾಸಿಸ್, ಅಂದರೆ ನೀರು ಜೆಲ್‌ಕೋಟ್ ದಾಟಿ ಒಳಗೆ ಹೋಗಿ ರೆಸಿನ್ ಜೊತೆ ಸೇರಿದೆ. ಕೆಟ್ಟ ಸುದ್ದಿ ಅಂತ ಗಾಬರಿ ಬೇಡ. ಕೆರೆದು, ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೆದು, ಪೂರ್ತಿ ಒಣಗಿಸಿ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಇನ್ನೊಂದು ರೆಸಿನ್) ಪುಟ್ಟಿ ತುಂಬಬೇಕು. ಒಣಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಪಾರದರ್ಶಕ ಪ್ಲಾಸ್ಟಿಕ್ ತುಂಡೊಂದನ್ನು ನಾಲ್ಕೂ ಕಡೆ ಟೇಪ್ ಹಾಕಿ ತಳಕ್ಕೆ ಅಂಟಿಸಿ, ಮಾರನೆಯ ದಿನ ಒಳಗಡೆ ಹನಿ ಕಟ್ಟಿದ್ದರೆ ಇನ್ನೂ ತೇವ ಇದೆ ಅಂತ.

ಅಡ್ಡಬೆಳಕು

ಫೋಟೋ ವಿಷಯ ನಾನು ಹೇಳುತ್ತೇನೆ. ನಿಮ್ಮ ತೊಂದರೆ ಕ್ಯಾಮೆರಾದ್ದಲ್ಲ, ಬೆಳಕು ಬರುವ ದಿಕ್ಕಿನದು. ಹೊಳೆಯುವ ಮೇಲ್ಮೈ ಮೇಲೆ ಎದುರಿನಿಂದ ಬೆಳಕು ಬಿದ್ದರೆ ಅದು ಹಾಗೇ ವಾಪಸ್ ಬರುತ್ತದೆ. ಬಿರುಕಿಗೆ ಆಳ ಇದೆ ಅಂತ ತೋರಿಸಬೇಕಾದರೆ ನೆರಳು ಬೇಕು. ನೆರಳು ಬೇಕಾದರೆ ಬೆಳಕು ಪಕ್ಕದಿಂದ ಬರಬೇಕು.

ಬೋಟನ್ನು ಶೆಡ್ ಒಳಗೆ ತಳ್ಳಿ, ಇಲ್ಲದಿದ್ದರೆ ಕತ್ತಲಾದ ಮೇಲೆ ತೆಗೆಯಿರಿ. ಟಾರ್ಚನ್ನು ಬೋಟಿನ ಮೈಗೆ ತಾಗಿಸಿಯೇ ಮಲಗಿಸಿ ಹಿಡಿಯಿರಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಬಿರುಕಿನ ಉದ್ದಕ್ಕೆ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ, ಅದಕ್ಕೆ ಅಡ್ಡವಾಗಿ ಬಿಡಿ. ಆಗ ಒಂದು ಅಂಚಿಗೆ ಬೆಳಕು, ಇನ್ನೊಂದು ಅಂಚಿಗೆ ನೆರಳು ಬೀಳುತ್ತದೆ. ಎರಡು ಅಂಚು ಒಂದೇ ಮಟ್ಟದಲ್ಲಿವೆಯಾ, ಒಂದು ಮೇಲೆದ್ದಿದೆಯಾ ಅನ್ನುವುದು ಕೂಡ ಗೊತ್ತಾಗುತ್ತದೆ. ಗಾಜುನಾರು ಅವರಿಗೆ ಬೇಕಿರುವುದು ಅದೇ ಅಂದುಕೊಳ್ಳುತ್ತೇನೆ. ಗುಳ್ಳೆಗಳೂ ಹೀಗೇ ಚೆನ್ನಾಗಿ ಬರುತ್ತವೆ, ಬರಿಗಣ್ಣಿಗೆ ಕಾಣದವೂ ಎದ್ದು ಕಾಣುತ್ತವೆ.

ಫೋನಿನಲ್ಲಿ ತೆಗೆಯುವುದಾದರೆ ಮೊದಲು ಲೆನ್ಸ್ ಒರೆಸಿ. ತಮಾಷೆಗೆ ಹೇಳುತ್ತಿಲ್ಲ, ಬೋಟಿನ ಪುಡಿ ಮುಟ್ಟಿದ ಕೈಯಲ್ಲೇ ಫೋನ್ ಹಿಡಿದಿರುತ್ತೀರಿ. ಬಿಳಿ ಭಾಗದಲ್ಲಿ ಫೋಕಸ್ ಹಿಡಿಯಲು ಏನಾದರೂ ಗುರುತು ಬೇಕು. ಬಿರುಕಿನ ಪಕ್ಕ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಜಾಗದ ಹೆಸರು ಮತ್ತು ತಾರೀಖು ಬರೆಯಿರಿ, ಒಂದು ಸ್ಕೇಲ್ ಕೂಡ ಇಡಿ. ಫೋನಿನ ಪರದೆಯಲ್ಲಿ ಟೇಪಿನ ಅಂಚನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಅಳತೆಯೂ ಸಿಕ್ಕಿತು, ಆಮೇಲೆ ಯಾವ ಫೋಟೋ ಯಾವ ಜಾಗದ್ದು ಅಂತ ಹುಡುಕಾಡುವುದೂ ತಪ್ಪಿತು. ತೀರಾ ಹತ್ತಿರ ಹೋಗಬೇಡಿ, ಹತ್ತಿರದಿಂದ ವೈಡ್ ಲೆನ್ಸ್ ಆಕಾರವನ್ನು ಹಿಗ್ಗಿಸಿಬಿಡುತ್ತದೆ. ಸ್ವಲ್ಪ ಹಿಂದೆ ನಿಂತು ಫೋನಿಗೆ ಎರಡನೆಯ ಲೆನ್ಸ್ ಇದ್ದರೆ 2x ಹಾಕಿ. ಫೋನನ್ನು ಸ್ಟೂಲಿನ ಮೇಲೋ ಟ್ರೈಪಾಡ್ ಮೇಲೋ ಇಟ್ಟು ಟೈಮರ್ ಹಾಕಿದರೆ ಅಲುಗಾಟ ಇರುವುದಿಲ್ಲ.

ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತು ಅಂತ ತಿಳಿದು ಫೋಟೋವನ್ನು ಬೂದು ಮಾಡುತ್ತದೆ. ಎಕ್ಸ್‌ಪೋಶರ್ ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಮೇಲಕ್ಕೆ ತಳ್ಳಿ.

ಹೊರಗೆ ಹಗಲಲ್ಲೇ ತೆಗೆಯಬೇಕಾದರೆ ಮೋಡ ಕವಿದ ದಿನ ಒಳ್ಳೆಯದು. ಪೋಲರೈಸಿಂಗ್ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ನೇರ ಎದುರಿಗೆ ನಿಂತು ತಿರುಗಿಸಿದರೆ ಏನೂ ಆಗುವುದಿಲ್ಲ. ಬೋಟಿನ ಮೈಗೆ ಸುಮಾರು 35 ಡಿಗ್ರಿ ಓರೆಯಲ್ಲಿ ನಿಂತು ಫಿಲ್ಟರ್ ತಿರುಗಿಸಿ, ಆಕಾಶದ ಪ್ರತಿಬಿಂಬ ಕಣ್ಣೆದುರೇ ಮಾಯವಾಗಿ ಕೆಳಗಿನ ಬಣ್ಣ ಕಾಣುತ್ತದೆ. ಕ್ಲೀಟ್, ರೇಲಿಂಗ್ ಥರದ ಲೋಹದ ಹೊಳಪು ಮಾತ್ರ ಇದರಿಂದ ಹೋಗುವುದಿಲ್ಲ.

ಪ್ರತಿ ಜಾಗಕ್ಕೂ ಮೂರು ಫೋಟೋ ಬೇಕು: ಬೋಟು ಪೂರ್ತಿ, ಆ ಭಾಗ, ಆ ಬಿರುಕು. ಬರೀ ಹತ್ತಿರದ್ದು ಹಾಕಿದರೆ ನೋಡುವವರಿಗೆ ಎಲ್ಲಿದ್ದೇವೆ ಅಂತಲೇ ತಿಳಿಯುವುದಿಲ್ಲ. ಮತ್ತೆ, ಮೆಸೇಜ್ ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಸೈಜ್ ಇಳಿಸಿಬಿಡುತ್ತದೆ, ಸಣ್ಣ ಬಿರುಕುಗಳೇ ಮೊದಲು ಹೋಗುವುದು. ಡಾಕ್ಯುಮೆಂಟ್ ಅಂತ ಕಳಿಸಿ.

ಹಳೇಬೋಟು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟಾರ್ಚ್ ಅಡ್ಡ ಹಿಡಿದ ಕೂಡಲೇ ಬೇರೆ ಬೋಟೇ ಕಂಡ ಹಾಗಾಯಿತು. ಕ್ಲೀಟ್ ಸುತ್ತಲಿನ ಬಿರುಕುಗಳ ಅಂಚು ಒಂದೇ ಮಟ್ಟದಲ್ಲಿವೆ, ಉಗುರು ಆಡಿಸಿದರೆ ತಡೆಯುವುದಿಲ್ಲ. ಟ್ರಾನ್ಸಮ್ ಮೂಲೆಯ ಗೆರೆ ಹಾಗಲ್ಲ. ಕೆಳಗಿನ ಅಂಚು ಹೊರಗೆ ಉಬ್ಬಿದೆ, ಅದರ ನೆರಳು ಸ್ಪಷ್ಟವಾಗಿ ಬಿದ್ದಿದೆ. ತಟ್ಟಿದರೆ ಆ ಮೂಲೆಯಿಂದ ನಡುವಿನ ತನಕ ಸತ್ತ ಸದ್ದು. ಹಳೆಯ ಬ್ರಾಕೆಟ್‌ನ ಸ್ಕ್ರೂ ಬಿಚ್ಚಿದೆ, ತೂತಿನಿಂದ ಕಂದು ಬಣ್ಣದ ನೀರು ಇಳಿಯಿತು. ಪೆನ್ಸಿಲ್ ಗೆರೆ ಸಮೇತ ಫೋಟೋ ಹಾಕಿದ್ದೇನೆ. ಹೊರಗಿನಿಂದಲೇ ಎಪಾಕ್ಸಿ ತುಂಬಿಸಿ ಗಟ್ಟಿ ಮಾಡಬಹುದಾ?

ಗಾಜುನಾರು

ಈಗ ಫೋಟೋ ಮಾತಾಡುತ್ತಿದೆ. ಕಂದು ನೀರು ಅಂದರೆ ಒಳಗಿನ ಪ್ಲೈವುಡ್ ಕೊಳೆತಿದೆ. ಖಾತ್ರಿ ಬೇಕಾದರೆ ಒಳಗಡೆಯಿಂದ 4 ಮಿಲಿಮೀಟರ್ ತೂತು ಕೊರೆದು ಬರುವ ಮರದ ಪುಡಿ ನೋಡಿ. ತಿಳಿ ಬಣ್ಣದ ಒಣ ಪುಡಿ ಬಂದರೆ ಸರಿ. ಕಪ್ಪಗೆ ಹಸಿಯಾಗಿ ಮುದ್ದೆ ಬಂದರೆ ಆ ಮರ ಹೋಯಿತು. ಹೊರಗಿನಿಂದ ತುಂಬಿಸುವುದು ಬೇಡ, ಹಸಿ ಮರಕ್ಕೆ ಎಪಾಕ್ಸಿ ಹಿಡಿಯುವುದೇ ಇಲ್ಲ. ಮೋಟಾರು ತೂಗುಬೀಳುವ ಜಾಗ ಅದು, ಅರ್ಧಂಬರ್ಧ ಕೆಲಸ ಮಾಡಿ ನೀರಿಗೆ ಇಳಿಸಬೇಡಿ.

ಒಳಗಿನ ಫೈಬರ್ ಪದರವನ್ನು ಅಂಚಿನಲ್ಲಿ ಎರಡು ಮೂರು ಅಂಗುಲ ಉಳಿಸಿ ಕತ್ತರಿಸಿ ತೆಗೆಯಿರಿ, ಹೊರಗಿನ ಚಿಪ್ಪು ಹಾಗೇ ಇರಲಿ. ಅದಕ್ಕೂ ಮುಂಚೆ ಬೋಟಿನ ತಳಕ್ಕೆ ಸರಿಯಾದ ಆಧಾರ ಕೊಡಿ, ಇಲ್ಲದಿದ್ದರೆ ಟ್ರಾನ್ಸಮ್ ಬಿಚ್ಚಿದಾಗ ಹಲ್, ಅಂದರೆ ಬೋಟಿನ ಮೈ, ಆಕಾರ ಬಿಡುತ್ತದೆ. ಕೊಳೆತ ಮರ ಕೆತ್ತಿ ತೆಗೆದು, ಹಳೆಯ ಹಲಗೆಯ ಅಳತೆಗೆ ರಟ್ಟಿನಲ್ಲಿ ನಮೂನೆ ಕತ್ತರಿಸಿ, ಮರೀನ್ ಪ್ಲೈವುಡ್ ಎರಡು ಪದರವನ್ನು ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯಲ್ಲಿ ಅಂಟಿಸಿ. ಅಂಚುಗಳಿಗೆ ಎಪಾಕ್ಸಿ ಚೆನ್ನಾಗಿ ಕುಡಿಸಿ, ನೀರು ಹೋಗುವುದು ಅಲ್ಲಿಂದಲೇ. ಮೂಲೆಗಳಿಗೆ ದುಂಡಗೆ ಪುಟ್ಟಿ ಕೊಟ್ಟು ಆಮೇಲೆ ಬಟ್ಟೆ ಹಾಕಿ, ಚೂಪು ಮೂಲೆಯಲ್ಲಿ ಗಾಜಿನ ಬಟ್ಟೆ ಕೂರುವುದಿಲ್ಲ.

ಹಳೆಯ ಪದರಕ್ಕೆ ಹೊಸದು ಸೇರುವ ಕಡೆ ಇಳಿಜಾರು ಉಜ್ಜಿ, ದಪ್ಪದ 12 ಪಟ್ಟು ಅಗಲ ಇರಲಿ. 3 ಮಿಲಿಮೀಟರ್ ದಪ್ಪಕ್ಕೆ 36 ಮಿಲಿಮೀಟರ್. ಹೊರಗಿನ ಆ ಒಂಟಿ ಬಿರುಕಿಗೂ ಇದೇ ಲೆಕ್ಕ. ಅಸಿಟೋನ್‌ನಲ್ಲಿ ಮೇಲ್ಮೈಗೆ ಅಂಟಿರುವ ಮೇಣ ಒರೆಸುವುದು ಉಜ್ಜುವುದಕ್ಕೆ ಮುಂಚೆ, ಆಮೇಲೆ ಅಲ್ಲ. ಇಲ್ಲದಿದ್ದರೆ ಮೇಣ ಗೀರುಗಳ ಒಳಗೆ ಸೇರಿಕೊಳ್ಳುತ್ತದೆ. ಎಪಾಕ್ಸಿ ಬಳಸುವುದಾದರೆ ಮಾಮೂಲಿ ಚಾಪ್ಡ್ ಮ್ಯಾಟ್, ಅಂದರೆ ತುಂಡು ನಾರುಗಳನ್ನು ಅಂಟಿಸಿ ಮಾಡಿದ ಹಾಳೆ, ತರಬೇಡಿ, ಅದರ ಅಂಟು ಪಾಲಿಯೆಸ್ಟರ್ ರೆಸಿನ್‌ನ ಸ್ಟೈರೀನ್‌ನಲ್ಲಿ ಮಾತ್ರ ಕರಗುತ್ತದೆ. ನೇಯ್ದ ಅಥವಾ ಹೊಲಿದ ಬಟ್ಟೆ ತನ್ನಿ. ಎಪಾಕ್ಸಿ ಗಟ್ಟಿಯಾದ ಮೇಲೆ ಅದರ ಮೇಲ್ಮೈಗೆ ಒಂದು ಜಿಡ್ಡು ಬರುತ್ತದೆ, ನೀರು ಹಾಕಿ ಸ್ಕ್ರಬ್ಬರ್‌ನಲ್ಲಿ ತಿಕ್ಕಿ ತೊಳೆದೇ ಮುಂದಿನ ಕೆಲಸ.

ಗಾಜಿನ ಪುಡಿಗೆ ಸರಿಯಾದ ಮಾಸ್ಕ್, ಕನ್ನಡಕ, ತುಂಬು ತೋಳಿನ ಬಟ್ಟೆ ಬೇಕೇ ಬೇಕು. ಪಾಲಿಯೆಸ್ಟರ್‌ಗೆ ಹಾಕುವ ಎಂಇಕೆಪಿ ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು.

ನೀರಂಚು

ಚರ್ಚೆಗೆ ತಡವಾಗಿ ಬಂದೆ. ಬೋಟಿನ ವಯಸ್ಸಿನ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ತಯಾರಾದದ್ದಾದರೆ ಟ್ರಾನ್ಸಮ್‌ನ ಹೊರಗೆ, ಬಲಗಡೆ ಮೇಲಿನ ಮೂಲೆಯಲ್ಲಿ 12 ಅಕ್ಷರ-ಅಂಕಿಗಳ ಹಲ್ ನಂಬರ್ ಇದೆಯಾ ನೋಡಿ. 1972ರ ನವೆಂಬರ್‌ನಿಂದ ಅಲ್ಲಿ ಅದು ಕಡ್ಡಾಯ. ಬಣ್ಣದ ಕೆಳಗೆ ಮುಚ್ಚಿಹೋಗಿದ್ದರೂ ಅದೇ ಅಡ್ಡ ಟಾರ್ಚಿನಲ್ಲಿ ಅಕ್ಷರದ ಅಂಚು ಕಾಣಬಹುದು. ನಂಬರೇ ಇಲ್ಲ ಅಂದರೆ ಅದಕ್ಕಿಂತ ಹಳೆಯದು ಇರುವ ಸಾಧ್ಯತೆ ಜಾಸ್ತಿ.

ಹೊರಗಿನ ಹೊಳಪಿಗೆ ಬಂದರೆ, ಬಿಳಿ ಪುಡಿ ಹತ್ತುತ್ತಿದೆ ಅಂದ ಮಾತ್ರಕ್ಕೆ ಬಣ್ಣ ಹೊಡೆಯಲು ಹೊರಡಬೇಡಿ. ಬಿಸಿಲಿಗೆ ಸತ್ತಿರುವುದು ಮೇಲಿನ ತೆಳು ಪದರ ಅಷ್ಟೇ. ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಅಂಗೈ ಅಗಲ ಜಾಗಕ್ಕೆ 1000, 1500, 2000 ನಂಬರಿನ ವಾಟರ್ ಪೇಪರ್ ನೀರು ಹಾಕಿ ಉಜ್ಜಿ, ಹೊಳಪಿಗೆ ಉಜ್ಜುವ ಪೇಸ್ಟ್, ಅಂದರೆ ಕಾಂಪೌಂಡ್, ಹಾಕಿ, ಪಾಲಿಶ್ ಮಾಡಿ ನೋಡಿ. ಹಳೆಯ ಬಣ್ಣ ಎದ್ದು ಬಂದರೆ ಅದನ್ನೇ ಉಳಿಸಿಕೊಳ್ಳಿ. ಅಷ್ಟು ವರ್ಷದ ಹಿಂದಿನ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ, ನನಗಂತೂ ಅದನ್ನು ಮುಚ್ಚುವುದು ನೋಡಿದರೆ ಸಂಕಟವಾಗುತ್ತದೆ. ಉಜ್ಜುವಾಗ ಕೆಳಗಿನ ಪದರದ ನಾರು ಇಣುಕಿದರೆ ಅಲ್ಲಿಗೆ ನಿಲ್ಲಿಸಿ, ಆ ಭಾಗಕ್ಕೆ ಬಣ್ಣವೇ ಗತಿ. ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಪಾಲಿಯುರೆಥೇನ್ ಬಣ್ಣ ಆದರೆ ರೋಲರ್‌ನಲ್ಲಿ ಹಚ್ಚಿ ಬ್ರಶ್ ತುದಿಯಲ್ಲಿ ಸವರಿ. ಸ್ಪ್ರೇ ಮಾಡಬೇಡಿ, ಅದರಲ್ಲಿರುವ ವಿಷಕಾರಿ ರಾಸಾಯನಿಕ ಐಸೊಸೈನೇಟ್‌ಗೆ ಮಾಮೂಲಿ ಮಾಸ್ಕ್ ಸಾಲದು.

ಕ್ಲೀಟ್ ಸುತ್ತಲಿನ ಬಿರುಕುಗಳನ್ನು ಸಣ್ಣ ರೋಟರಿ ಟೂಲಿನಲ್ಲಿ ವಿ ಆಕಾರಕ್ಕೆ ಬಿಡಿಸಿ ಜೆಲ್‌ಕೋಟ್ ಪೇಸ್ಟ್ ತುಂಬಿ. ಮೇಣ ಬೆರೆಸದ ಜೆಲ್‌ಕೋಟ್ ಗಾಳಿ ತಾಗಿದರೆ ಅಂಟಂಟಾಗಿಯೇ ಉಳಿಯುತ್ತದೆ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಟ್ರಾನ್ಸಮ್‌ಗೆ ಎಪಾಕ್ಸಿ ಹಾಕಿದ ಜಾಗದ ಮೇಲೆ ಮಾತ್ರ ಜೆಲ್‌ಕೋಟ್ ನಂಬಬೇಡಿ, ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಷ್ಟು ಹಿಡಿಯುವುದಿಲ್ಲ. ಅಲ್ಲಿಗೆ ಪ್ರೈಮರ್, ಬಣ್ಣ.

ಅಡ್ಡಬೆಳಕು

ಇದಕ್ಕೆ ಒಂದು ಸೇರಿಸುತ್ತೇನೆ. ಉಜ್ಜಿದ ಮೈ ಸಮವಾಗಿದೆಯಾ ಅಂತ ನೋಡಲು ಟ್ಯೂಬ್‌ಲೈಟಿನ ಪ್ರತಿಬಿಂಬ ಬೋಟಿನ ಮೇಲೆ ಬೀಳುವ ಹಾಗೆ ನಿಂತು ಫೋಟೋ ತೆಗೆಯಿರಿ. ಮೈ ಮಂಕಾಗಿದ್ದರೆ ನೀರು ಚಿಮುಕಿಸಿದರೆ ಸಾಕು, ಆ ಕ್ಷಣಕ್ಕೆ ಹೊಳೆಯುತ್ತದೆ. ಬೆಳಕಿನ ಗೆರೆ ಎಲ್ಲಿ ಅಲೆಯಾಗಿ ಬಾಗುತ್ತದೋ ಅಲ್ಲಿ ತಗ್ಗೋ ಉಬ್ಬೋ ಇದೆ, ಅಲ್ಲಿ ಉದ್ದನೆಯ ಪಟ್ಟಿಗೆ ಪೇಪರ್ ಸುತ್ತಿ ಉಜ್ಜಬೇಕು. ಒಳಗಿನ ಪದರ ಬಿಚ್ಚುವ ಮುಂಚೆ ಟ್ರಾನ್ಸಮ್‌ನ ಎಲ್ಲ ತೂತು, ಬ್ರಾಕೆಟ್, ಡ್ರೈನ್‌ಗಳ ಫೋಟೋ ಸ್ಕೇಲ್ ಇಟ್ಟು ನೇರ ಎದುರಿನಿಂದ ತೆಗೆದಿಡಿ, ಹೊಸ ಹಲಗೆಗೆ ತೂತು ಕೊರೆಯುವಾಗ ಅಳತೆ ಅದರಿಂದಲೇ ಸಿಗುವುದು. ಬಿಚ್ಚಿದ ಮೇಲೆ ಒಳಗಿನ ಮರದ ಫೋಟೋನೂ ಹಾಕಿ, ಕೊಳೆತ ಎಲ್ಲಿಯ ತನಕ ಹೋಗಿದೆ ಅಂತ ನೋಡಿ ಸ್ಟ್ರಿಂಗರ್ ವಿಷಯ ಮಾತಾಡೋಣ.