ಪ್ರಾಕ್ಟೀಸಲ್ಲಿ ಚೆನ್ನಾಗಿ ಹಾರೋ ಮಗಳು ಮೀಟಲ್ಲಿ ಮೂರೂ ಫೌಲ್. ಅನುಭವ ಇದ್ದೋರು ಹೇಳಿ

ಒಬ್ಬ ತಾಯಿ, ತುಮಕೂರು

ಮಗಳು 10ನೇ ಕ್ಲಾಸು, ಲಾಂಗ್ ಜಂಪ್. ದಿನಾ ಬೆಳಿಗ್ಗೆ ಮಹಾತ್ಮ ಗಾಂಧಿ ಸ್ಟೇಡಿಯಂಗೆ ಹೋಗ್ತಾಳೆ. ಪ್ರಾಕ್ಟೀಸಲ್ಲಿ ಐದು ಮೀಟರ್ ಹತ್ರ ಹತ್ರ ಹಾರ್ತಾಳೆ. ತಾಲ್ಲೂಕಲ್ಲಿ ಫಸ್ಟ್ ಬಂದ್ಲು, ಜಿಲ್ಲಾ ಮಟ್ಟದಲ್ಲಿ ಮೂರಕ್ಕೆ ಮೂರೂ ಫೌಲ್. ಹೋದ ವರ್ಷವೂ ಇದೇ ಕಥೆ. ಹಿಂದಿನ ರಾತ್ರಿ ನಿದ್ದೆ ಇರಲ್ಲ, ಬೆಳಿಗ್ಗೆ ಎದ್ದರೆ ವಾಂತಿ. ಒಂದು ನೋಟ್‌ಬುಕ್ಕಲ್ಲಿ ಹಾರಿದ್ದೆಲ್ಲ ಬರೆದಿಡ್ತಾಳೆ, ಅಳತೆ ಕಮ್ಮಿ ಬಂದ ದಿನ ಆ ಹಾಳೆನೇ ಹರಿದು ಬಿಸಾಕ್ತಾಳೆ. ಅವಳಿಗೆ ಸಮಾಧಾನ ಆಗೋವರೆಗೂ ಪಿಟ್ ಬಿಟ್ಟು ಬರಲ್ಲ. ನಮ್ಮ ಮನೆಯವರು "ಧೈರ್ಯ ಸಾಲದು" ಅಂತಾರೆ. ನಂಗೆ ಹಾಗನ್ಸಲ್ಲ. ಆಟ ಬಿಡಿಸಿಬಿಡೋಣವಾ ಅನ್ನೋ ಯೋಚನೆಯೂ ಇದೆ.

ಕಾಲೇಜಲ್ಲಿ ಲಾಂಗ್ ಜಂಪ್ ಮಾಡ್ತಿದ್ದೋಳು, ತಿಪಟೂರು

ಬಿಡಿಸ್ಬೇಡಿ ಅಕ್ಕ. ಧೈರ್ಯದ ಮಾತು ಆಮೇಲೆ, ಮೊದಲು ಫೌಲ್ ಲೆಕ್ಕ ನೋಡಿ.

ಮೀಟ್ ದಿನ ಮೈಯಲ್ಲಿ ಅಡ್ರಿನಲಿನ್ ಏರಿರುತ್ತೆ. ಓಟ ಬಿರುಸಾಗುತ್ತೆ, ಹೆಜ್ಜೆ ಉದ್ದ ಬೀಳುತ್ತೆ. ರನ್‌ಅಪ್, ಅಂದ್ರೆ ಹಾರೋಕೆ ಮುಂಚಿನ ಓಟ, 16 ಹೆಜ್ಜೆ ಅಂದ್ಕೊಳ್ಳಿ. ಹೆಜ್ಜೆಗೆ ಒಂದೇ ಒಂದು ಸೆಂಟಿಮೀಟರ್ ಜಾಸ್ತಿ ಆದ್ರೂ ಕಾಲೂರಿ ಎಗರೋ ಹಲಗೆ ಹತ್ರ ಬರೋಷ್ಟರಲ್ಲಿ 16 ಸೆಂಟಿಮೀಟರ್ ಮುಂದೆ ಬಂದಿರ್ತಾಳೆ. ಹಲಗೆಯ ಅಗಲವೇ 20 ಸೆಂಟಿಮೀಟರ್, ಅದರ ಮುಂದಿನ ಅಂಚು ದಾಟಿದ್ರೆ ಫೌಲ್. ಓಟ ಶುರು ಮಾಡೋಕೆ ಇಟ್ಟ ಗುರುತು ಪ್ರಾಕ್ಟೀಸಲ್ಲಿ ಸರಿಯಾಗಿದ್ರೂ ಮೀಟಲ್ಲಿ ಫೌಲ್ ಕೊಡೋದು ಹೀಗೆ. ಒಂದು ಫೌಲ್ ಬಿತ್ತು ಅಂದ್ರೆ ಎರಡನೇ ಸಲ ಹಲಗೆ ನೋಡ್ಕೊಂಡೇ ಓಡ್ತಾಳೆ. ತಲೆ ಬಗ್ಗುತ್ತೆ, ಕೊನೇ ಹೆಜ್ಜೆಗಳನ್ನ ಅಳೆದು ಇಡೋಕೆ ಹೋಗ್ತಾಳೆ. ಕಾಲಿಗೆ ತಾನಾಗೇ ಗೊತ್ತಿರೋ ಕೆಲಸವನ್ನ ಬುದ್ಧಿ ಕೈಗೆತ್ತಿಕೊಂಡ್ರೆ ಕೆಡೋದು ಗ್ಯಾರಂಟಿ.

ನಮ್ಮ ಕೋಚ್ ಮೀಟ್ ದಿನ ಮೊದಲ ಜಂಪ್‌ಗೆ ಗುರುತನ್ನ ಒಂದು ಪಾದ ಹಿಂದಕ್ಕೆ ಇಡಿಸ್ತಿದ್ರು. ಅಳತೆ ತೆಗೆಯೋದು ಹಲಗೆಯ ಮುಂದಿನ ಅಂಚಿಂದ. ಒಂದು ಗೇಣು ಹಿಂದಿನಿಂದ ಎಗರಿದ್ರೆ ನಷ್ಟ ಒಂದು ಗೇಣು, ಒಂದು ಬೆರಳು ದಾಟಿದ್ರೆ ಪೂರ್ತಿ ಜಂಪೇ ನಷ್ಟ. ಗೊತ್ತು, ಎಲ್ಲಾ ಕರೆಕ್ಟಾಗಿರಬೇಕು ಅನ್ನೋ ಮಕ್ಕಳಿಗೆ ಆ ಗೇಣು ಬಿಟ್ಟುಕೊಡೋದು ಜೀವ ಹೋದಷ್ಟು ಸಂಕಟ. ಅದನ್ನೇ ಅಭ್ಯಾಸ ಮಾಡಿಸಬೇಕು.

ನೀವು ಬರೆದಿದ್ರಲ್ಲಿ ನಂಗೆ ಚುಚ್ಚಿದ್ದು "ಸಮಾಧಾನ ಆಗೋವರೆಗೂ ಪಿಟ್ ಬಿಟ್ಟು ಬರಲ್ಲ" ಅನ್ನೋ ಮಾತು. ದಿನಾ ಹಾಗೇ ಮಾಡಿದ್ರೆ ಮೂರೇ ಅವಕಾಶ ಇರೋ ಆಟ ಅವಳಿಗೆ ಅಭ್ಯಾಸ ಆಗೋದು ಯಾವಾಗ? ವಾರಕ್ಕೊಂದು ದಿನ ಮೀಟ್ ಥರಾನೇ ನಡೆಸಿ. ವಾರ್ಮ್‌ಅಪ್, ಹೆಸರು ಕೂಗೋದು, ಮೂರು ಜಂಪ್, ನಡುವೆ ಹತ್ತು ಹತ್ತು ನಿಮಿಷ ಸುಮ್ನೆ ಕೂರೋದು. ಮೂರನೇದು ಕೆಟ್ಟದಾಗೇ ಬಂದಿರಲಿ, ಬ್ಯಾಗ್ ಎತ್ಕೊಂಡು ಮನೆಗೆ. ಮೊದಮೊದಲು ಅಳ್ತಾಳೆ.

ಇನ್ನೊಂದು. ಮೂರು ಸುತ್ತಾದ ಮೇಲೆ ಮುಂದಿರೋ ಎಂಟು ಜನಕ್ಕೆ ಇನ್ನೂ ಮೂರು ಅವಕಾಶ ಸಿಗುತ್ತೆ. ಒಂದು ಸಾಧಾರಣ ಜಂಪ್ ಕೈಯಲ್ಲಿದ್ರೆ ಆಮೇಲೆ ಹೆದರಿಕೆ ಬಿಟ್ಟು ಹಾರಬಹುದು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ನಮ್ಮ ಮುರಳಿ ಶ್ರೀಶಂಕರ್, ಬಹಾಮಾಸ್‌ನ ಲಕ್ವಾನ್ ನೇರ್ನ್ ಇಬ್ಬರದೂ 8.08 ಮೀಟರ್. ಚಿನ್ನ ಯಾರಿಗೆ ಅಂತ ತೀರ್ಮಾನ ಆಗಿದ್ದು ಎರಡನೇ ಅತ್ಯುತ್ತಮ ಜಂಪ್ ನೋಡಿ, ಶ್ರೀಶಂಕರ್‌ಗೆ ಬೆಳ್ಳಿ. ಅವಳು ಹರಿದು ಹಾಕೋ ಹಾಳೆಯಲ್ಲಿರೋ ಅಳತೆಗಳಿಗೂ ಬೆಲೆ ಇದೆ ಅಂತ ಇದನ್ನ ಹೇಳಿ ನೋಡಿ.

ದೈಹಿಕ ಶಿಕ್ಷಕ, ಶಿರಾ

ಗುರುತು ಹಿಂದಿಡೋದು ಸರಿ, ಆದ್ರೆ ಗಾಳಿನೂ ನೋಡಬೇಕು. ಎದುರು ಗಾಳಿ ಇದ್ದಾಗ ಒಂದು ಪಾದ ಹಿಂದಿಟ್ರೆ ಹಲಗೆನೇ ಮುಟ್ಟಲ್ಲ.

ನಮ್ಮ ಕೂಟಗಳು ಟೈಮಿಗೆ ಶುರುವಾಗೋದು ನಾನಂತೂ ನೋಡಿಲ್ಲ. ಹತ್ತು ಗಂಟೆ ಅಂತಾರೆ. ಗಣ್ಯರು ಬರಬೇಕು, ಕ್ರೀಡಾ ಜ್ಯೋತಿ ಬರಬೇಕು, ಭಾಷಣ ಮುಗೀಬೇಕು. ಇಂಥ ಮಕ್ಕಳು ಏಳೂವರೆಗೇ ವಾರ್ಮ್‌ಅಪ್ ಶುರು ಮಾಡಿ, ಹೆಸರು ಕೂಗೋ ಹೊತ್ತಿಗೆ ಸುಸ್ತಾಗಿರ್ತಾರೆ. ಅದಕ್ಕೇ ಸಾಲಲ್ಲಿ ತನ್ನ ಮುಂದೆ ಎಷ್ಟು ಜನ ಇದ್ದಾರೆ ಅಂತ ನೋಡಿ ಮೈ ಬಿಸಿ ಮಾಡಿಕೊಳ್ಳೋಕೆ ಹೇಳಿಕೊಡಿ. ಪೋಷಕರಿಗೊಂದು ಕೋರಿಕೆ: ಪಿಟ್ ಪಕ್ಕ ನಿಂತು "ಈ ಸಲ ಬಿಡಬೇಡ" ಅಂತ ಕೂಗಬೇಡಿ, ದಯವಿಟ್ಟು.

ಹಳೇ ಖೋ ಖೋ ಆಟಗಾರ, ಕೋಲಾರ

ವಾಂತಿ ನಂಗೂ ಆಗ್ತಿತ್ತು, ಕಾಲೇಜು ಟೀಮಲ್ಲಿ ಇದ್ದಷ್ಟು ದಿನವೂ. ಆಟ ಮಾತ್ರ ಕೆಡ್ತಿರಲಿಲ್ಲ. ವಾಂತಿ ಬಂತು ಅಂದ್ರೆ ಇವತ್ತು ಸೋಲು ಖಂಡಿತ ಅಂತ ಲೆಕ್ಕ ಹಾಕೋದನ್ನ ಬಿಡಿಸಿ ಸಾಕು. ಎರಡು ಮೂರು ಗಂಟೆ ಮುಂಚೆ ಎರಡು ಇಡ್ಲಿ, ಇಲ್ಲಾಂದ್ರೆ ಬಾಳೆಹಣ್ಣು. ಕಾಫಿ ಬೇಡ. ಕೈ ನಡುಗಿದಾಗ ಉಸಿರು ಎಳೆದುಕೊಳ್ಳೋದಕ್ಕಿಂತ ನಿಧಾನವಾಗಿ, ಉದ್ದಕ್ಕೆ ಬಿಡೋದು ಕೆಲಸ ಮಾಡುತ್ತೆ. "ಹೆದರಬೇಡ" ಅಂತ ಯಾರಾದ್ರೂ ಅಂದ್ರೆ ನಂಗೆ ಇನ್ನೂ ಹೆದರಿಕೆ ಆಗ್ತಿತ್ತು, ಆ ಮಾತಂತೂ ಬೇಡವೇ ಬೇಡ.

ಆಪ್ತ ಸಮಾಲೋಚಕಿ, ತುಮಕೂರು

ಎತ್ತರದ ಗುರಿ ಇಟ್ಟುಕೊಳ್ಳೋದು ಬೇರೆ, ತಪ್ಪಾದ್ರೆ ಜನ ಏನಂತಾರೋ ಅಂತ ಒಳಗೊಳಗೇ ಬೇಯೋದು ಬೇರೆ. ಈ ಬಗ್ಗೆ ಅಧ್ಯಯನ ಮಾಡಿದವರು ಇವೆರಡನ್ನೂ ಬೇರೆ ಬೇರೆಯಾಗೇ ಅಳೀತಾರೆ. ಸ್ಪರ್ಧೆಯ ಆತಂಕಕ್ಕೆ ಹೆಚ್ಚಾಗಿ ಅಂಟಿಕೊಂಡಿರೋದು ಎರಡನೇದು. ಹಾಗಾಗಿ ಅವಳ ಗುರಿ ಇಳಿಸೋಕೆ ಹೋಗಬೇಡಿ, ನೋಟ್‌ಬುಕ್ ಕಿತ್ತುಕೊಳ್ಳಲೂ ಬೇಡಿ. ಅಳತೆ ಪಕ್ಕದಲ್ಲೇ ಇನ್ನೊಂದು ಸಾಲು ಬರೆಯಲಿ: ಇವತ್ತು ಯಾವುದು ಸರಿ ಬಂತು, ನಾಳೆಗೆ ಯಾವುದೊಂದನ್ನ ಬದಲಾಯಿಸೋದು.

ಮನೆಯವರ ಜೊತೆ ಮಾತಾಡಿ. ಕೂಟದಿಂದ ಬಂದ ಮಗುವಿಗೆ "ಎಷ್ಟನೇ ಪ್ಲೇಸು" ಅನ್ನೋದೇ ಮೊದಲ ಪ್ರಶ್ನೆ ಆದ್ರೆ, ಮುಂದಿನ ಸಲ ಹಲಗೆ ಮುಂದೆ ಓಡುವಾಗ್ಲೂ ಅವಳ ಕಿವಿಯಲ್ಲಿರೋದು ಅದೇ. ಊಟ ಆಗಲಿ, ಅವಳಾಗೇ ಹೇಳಲಿ. ಧೈರ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಅವರಿಗೆ ಹೇಳೋಕೆ ಉದಾಹರಣೆ ಬೇಕಾದ್ರೆ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಇದ್ದಾರೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನ ವಿಫಲ, ಟೋಕಿಯೊದಲ್ಲಿ ಬೆಳ್ಳಿ.

ಮೀಟ್ ಇಲ್ಲದ ದಿನಗಳಲ್ಲೂ ನಿದ್ದೆ ಬರದಿದ್ರೆ, ಊಟ ಬಿಡ್ತಿದ್ರೆ, ಮುಟ್ಟು ನಿಂತಿದ್ರೆ, ಕಾಲು ನೋವಿದ್ರೂ ಬಚ್ಚಿಟ್ಟು ಹಾರ್ತಿದ್ರೆ, "ನಾನು ಯಾತಕ್ಕೂ ಬರಲ್ಲ" ಅನ್ನೋ ಮಾತು ಪದೇ ಪದೇ ಬಂದ್ರೆ ತಡ ಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನ ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಒಬ್ಬ ತಾಯಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೂ ಓದಿಸಿದೆ. ಏನೂ ಮಾತಾಡಲಿಲ್ಲ, ಆ 16 ಸೆಂಟಿಮೀಟರ್ ಲೆಕ್ಕ ಮಾತ್ರ ಎರಡು ಸಲ ಓದಿದ್ರು. ತಿಪಟೂರಿನವರೇ, ಒಂದು ಪಾದ ಅಂದ್ರೆ ಅವಳ ಪಾದನಾ, ಶೂ ಸೇರಿಸಿನಾ?

ಕಾಲೇಜಲ್ಲಿ ಲಾಂಗ್ ಜಂಪ್ ಮಾಡ್ತಿದ್ದೋಳು, ತಿಪಟೂರು

ಶೂ ಸೇರಿಸಿ ಅಕ್ಕ. ಮೊದಲು ಅವಳ ಕೋಚ್‌ಗೆ ಒಂದು ಮಾತು ಹೇಳಿ, ಅವರನ್ನ ಬಿಟ್ಟು ಮಾಡಬೇಡಿ. ಗುರುತಿಗೆ ಬಣ್ಣದ ಟೇಪ್ ಅಂಟಿಸಿ. ಕಲ್ಲು ಇಟ್ರೆ ಯಾರಾದ್ರೂ ಒದ್ದುಕೊಂಡು ಹೋಗ್ತಾರೆ.