ಸಹಾಯ ಬೇಕು: ವಿಜಯಪುರದಾಗ ಮಾಳಿಗಿ ಮ್ಯಾಲೆ ತೋಟ ಮಾಡೋದು ಹ್ಯಾಂಗ?

ಎಲ್ಲರಿಗೂ ನಮಸ್ಕಾರ್ರೀ. ವಿಜಯಪುರದಾಗ ನಮ್ಮದು ಹಳೇ ಆರ್‌ಸಿಸಿ ಮನಿ. ಏಪ್ರಿಲ್ ಬಂತಂದ್ರ ಸ್ಲ್ಯಾಬ್ ಕಾದು, ರಾತ್ರಿ ಹತ್ತಕ್ಕೂ ಫ್ಯಾನ್ ಬಿಸಿ ಗಾಳಿನ ಬಿಡ್ತದ. ಅವ್ವಗ ಭಾಳ ತ್ರಾಸ ಆಗ್ತದ. ಅದಕ್ಕ 20 ಅಡಿ ಉದ್ದ, 15 ಅಡಿ ಅಗಲ ಜಾಗಾದಾಗ ಮಣ್ಣು ಹರವಿ ಹುಲ್ಲು, ಮೆಂತ್ಯ, ಲೋಳಸರ ಬೆಳಸಬೇಕಂತ ಮಾಡೀವಿ.

ನನಗ ಭಾರದ್ದ ಚಿಂತಿ. 10 ಸೆಂ.ಮೀ. ಮಣ್ಣು ನೀರು ಕುಡದ್ರ ಚದರ ಮೀಟರಿಗೆ 150ರಿಂದ 200 ಕೆಜಿ ತೂಗ್ತದ. ಓಡಾಡೋ ಮಾಳಿಗಿ ತಡಿಯಬೇಕಂತ ಸಾಮಾನ್ಯವಾಗಿ ಹಿಡಿಯೋ ಭಾರನ ಚದರ ಮೀಟರಿಗೆ 150 ಕೆಜಿ! ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಕೂಡಿಸಿ ಹಗುರ ಮಾಡಬೇಕಂದ್ರ ಯಾವ ಪ್ರಮಾಣ ಹಾಕಬೇಕ್ರೀ?

ಹೋದ ವರ್ಷ ಟ್ರೇದಾಗ ಬರೇ ಎರಿ ಮಣ್ಣು ತುಂಬಿ ತಪ್ಪು ಮಾಡಿದ್ವಿ. ಮಳಿಗೆ ಅಂಟಾಗಿ ನೀರು ನಿಂತು, ಬ್ಯಾಸಗಿಗೆ ಬಟ್ಟು ಹೋಗುವಷ್ಟು ಬಿರುಕು. ಅಡಗಿಮನಿ ಛತ್ತಿಗೆ ತಾಟಿನಷ್ಟು ಅಗಲ ಹಸಿ ಕಲೆ ಬಿದ್ದದ.

ವಾಟರ್‌ಪ್ರೂಫಿಂಗ್ ಆದ ಮ್ಯಾಲೆ ಎರಡು ದಿನ ನೀರು ನಿಲ್ಲಿಸಿ ನೋಡಬೇಕಂತ ಗೊತ್ತದ. ಅದರ ಮ್ಯಾಲೆ ಬೇರು ತಡಿಯೋ ಹಾಳಿ ಯಾವುದು ಬಾಳಕಿ ಬರ್ತದ? ಸ್ಲ್ಯಾಬ್ ತಪಾಸಣಿ ಮಾಡೋ ಇಂಜಿನಿಯರ್ ಇಲ್ಲೇ ಅಥವಾ ಬಾಗಲಕೋಟ್ಯಾಗ ಇದ್ರ ತಿಳಸ್ರಿ. ಮಳಿಗಾಲಕ್ಕಿಂತ ಮೊದಲ ಕೆಲಸ ಹಿಡಿಬೇಕಾಗೇದ.